ಗೊತ್ತಿಲ್ಲ ಎಂದ ಡಾಕ್ಟರು

೧ ಫೆಬ್ರವರಿ ೧೯೫೮, ಶನಿವಾರ

ಎರಡು ದಿನದಿಂದ ಪೆನ್ನು ಮುಟ್ಟಿರಲಿಲ್ಲ. ಇವತ್ತು ಮನಸ್ಸು ಹಗುರಾಗಿದೆ, ಬರೆಯುತ್ತೇನೆ.

ಗುರುವಾರ ಬೆಳಗ್ಗೆ ಮನೆಯವಳ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿ ಹಸಿರು ವಾಂತಿ ಶುರುವಾಯಿತು. ಮೂರು ದಿನದಿಂದ ನೋವಿತ್ತಂತೆ. ಓಮದ ಕಷಾಯ ಕುಡಿದುಕೊಂಡು ಸುಮ್ಮನಿದ್ದಳು, ನನಗೆ ಹೇಳಿರಲಿಲ್ಲ. ಹೆಂಗಸರ ಬುದ್ಧಿಯೇ ಇಷ್ಟು. ಟಾಂಗಾ ತರಿಸಿ ನೇರವಾಗಿ ಸುಂದರೇಶನ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಅವನು ಹೊಟ್ಟೆ ಮುಟ್ಟಿ ನೋಡಿ, "ಕರುಳು ಸುತ್ಕೊಂಡಿದೆ ಸಾರ್, ಈಗಲೇ ಆಪರೇಷನ್ ಆಗ್ಬೇಕು" ಅಂದ. ಎರಡು ಗಂಟೆ ಹಿಡಿಯಿತು. ಒಂದು ಗೇಣು ಕರುಳು ಕಪ್ಪಾಗಿತ್ತಂತೆ. ಅಷ್ಟನ್ನು ಕತ್ತರಿಸಿ ತೆಗೆದು, ಎರಡು ತುದಿಗಳನ್ನು ಸೇರಿಸಿ ಹೊಲಿದಿದ್ದಾನೆ.

ಹೊಲಿದ ಕೈ ಯಾವುದು? ನನ್ನ ಶಿಷ್ಯನದು. ವಾರದ ಏಳು ದಿನ ಏಳು ಮನೆಯಲ್ಲಿ ವಾರಾನ್ನ ಉಂಡು ಓದಿದ ಹುಡುಗ ಅವನು. ಗುರುವಾರ ನಮ್ಮ ಮನೆಯ ಪಾಲು. ಆಪರೇಷನ್ ಆದದ್ದೂ ಗುರುವಾರವೇ! ಅವನು ಬರುತ್ತಾನೆಂದು ಇವಳು ಗುರುವಾರ ಮಾತ್ರ ಹುಳಿಗೆ ಒಂದು ಚಮಚ ತುಪ್ಪ ಹೆಚ್ಚು ಹಾಕುತ್ತಿದ್ದಳು, ನಾನು ಕಂಡೂ ಕಾಣದವನಂತೆ ಇರುತ್ತಿದ್ದೆ. ಮಕ್ಕಳಿಲ್ಲದವನಿಗೆ ಶಿಷ್ಯರೇ ಮಕ್ಕಳು ಅಂತ ಜನ ಸಮಾಧಾನಕ್ಕೆ ಹೇಳುತ್ತಿದ್ದರು. ಈಗ ಬಂದು ಹೇಳಲಿ.

೫ ಫೆಬ್ರವರಿ, ಬುಧವಾರ

ಚಾಮರಾಜಪುರದಲ್ಲಿ ವಿಷಯ ತಿಳಿಯದ ಮನೆ ಉಳಿದಿಲ್ಲ. ಬೆಳಗ್ಗೆ ತರಕಾರಿ ತರಲು ಹೋದವನು ಮನೆಗೆ ಬರುವಾಗ ಹತ್ತೂವರೆ. ಪೋಸ್ಟ್ ಮಾಸ್ಟರ್ ಗುರುಮಲ್ಲಪ್ಪನವರು, "ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನಿಮ್ಮ ಹಿತ್ತಲ ಗಿಡವೇ ಮದ್ದಾಯ್ತಲ್ಲ ಮೇಷ್ಟ್ರೇ" ಅಂದರು. ಒಳ್ಳೆಯ ಮಾತು. ಅದನ್ನು ಮತ್ತೆ ನಾಲ್ಕು ಕಡೆ ನಾನೇ ಹೇಳಿದೆ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದೆ. ನನ್ನ ಕ್ಲಾಸಿನಲ್ಲಿ ಒಂದೇ ಕಾನೂನು: 'ಗೊತ್ತಿಲ್ಲ' ಅನ್ನುವಂತಿಲ್ಲ. ತಪ್ಪು ಉತ್ತರಕ್ಕೆ ಕ್ಷಮೆ ಉಂಟು. ಗೊತ್ತಿಲ್ಲ ಅಂದವನು ಗಂಟೆ ಹೊಡೆಯುವ ತನಕ ಬೆಂಚಿನ ಮೇಲೆ ನಿಲ್ಲಬೇಕು. ಸುಂದರೇಶ ಒಂದು ದಿನವೂ ಬೆಂಚು ಹತ್ತಿದವನಲ್ಲ. ಕೇಳಿದ ತಕ್ಷಣ ಉತ್ತರ. ಅಂಥವನ ಕೈಗೇ ಕತ್ತಿ ಕೊಡಬೇಕು.

ಇವಳು ಇವತ್ತು ಎರಡು ಚಮಚ ಗಂಜಿ ಕುಡಿದಳು.

೮ ಫೆಬ್ರವರಿ, ಶನಿವಾರ

ನಿನ್ನೆಯಿಂದ ಜ್ವರ. ಗಾಯದಲ್ಲಿ ಸ್ವಲ್ಪ ಕೀವಾಗಿದೆ, ಇದು ಸಾಮಾನ್ಯ ಎಂದು ಸುಂದರೇಶ ಹೇಳಿದ. ಪೆನಿಸಿಲಿನ್ ಕೊಡುತ್ತಿದ್ದಾನೆ. ಡ್ರೆಸಿಂಗ್ ಮಾಡಲು ಬಾಗಿಲು ಹಾಕಿಕೊಂಡು ಒಳಗೆ ಬಹಳ ಹೊತ್ತು ಇದ್ದ. ಹೊರಗೆ ಬಂದಾಗ ಹಣೆಯಲ್ಲಿ ಬೆವರು. ಸೆಕೆ ಈ ಸಲ ಬೇಗ ಬಂದಿದೆ.

೧೪ ಫೆಬ್ರವರಿ, ಶುಕ್ರವಾರ

ಮನೆಗೆ ಕರೆದುಕೊಂಡು ಬಂದೆವು. ಗಾಳಿ ಬದಲಾದರೆ ವಾಸಿ ಎಂದು ಇವಳೇ ಹಟ ಹಿಡಿದಳು. ಸುಂದರೇಶ ದಿನಾ ಬೆಳಗ್ಗೆ ಬಂದು ಕಟ್ಟು ಬದಲಾಯಿಸುತ್ತಾನೆ. ಸಾಯಂಕಾಲದ ಕೆಲಸಕ್ಕೆ ಮಾದೇವಮ್ಮ ಇದ್ದಾಳೆ. ಹದಿನೈದು ವರ್ಷದಿಂದ ನಮ್ಮ ಮನೆಯ ಪಾತ್ರೆ ಬಟ್ಟೆ ನೋಡಿಕೊಂಡವಳು, ನಂಬಿಕೆಯ ಹೆಂಗಸು.

ಕೋಣೆಯಲ್ಲಿ ಒಂದು ಥರ ವಾಸನೆ. ಊದುಬತ್ತಿ ಹಚ್ಚಿಸಿದ್ದೇನೆ. ಹತ್ತಿರ ಹೋದರೆ ಇವಳು, "ಅಲ್ಲೇ ಕುರ್ಚೀಲಿ ಕೂತ್ಕೊಳ್ಳಿ" ಅನ್ನುತ್ತಾಳೆ.

ಮಾದೇವಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ಗೊಣಗುತ್ತಿದ್ದಳು. ಏನೆಂದು ಕೇಳಿದೆ. "ನಂಗೇನ್ ಗೊತ್ತು ಬುದ್ದಿ, ಅಮ್ಮಾವ್ರ್ನೇ ಕೇಳಿ. ಕೀವಂದ್ರೆ ಇಂಗಿರಕಿಲ್ಲ" ಅಂದಳು. ವೈದ್ಯಶಾಸ್ತ್ರ ಓದಿದವಳು ಇವಳೊಬ್ಬಳು ಬಾಕಿ ಇದ್ದಳು.

೧೭ ಫೆಬ್ರವರಿ, ಸೋಮವಾರ

ಇವತ್ತು ಮನೆಯಲ್ಲಿ ಜಗಳ. ಇವಳ ತಂಗಿ ಚೂಡಾಮಣಿ ನಜರ್‌ಬಾದಿನಿಂದ ಬಂದಳು, ಜೊತೆಗೆ ಒಬ್ಬ ಲೇಡಿ ಡಾಕ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಪ್ರೇಮಲೀಲಾ ಅಂತ ಹೆಸರು, ನಲವತ್ತರ ಮೇಲಿರಬೇಕು. ನಜರ್‌ಬಾದಿನಲ್ಲಿ ಹೆಂಗಸರ ಸಣ್ಣ ಆಸ್ಪತ್ರೆ ನಡೆಸುತ್ತಾರಂತೆ, ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಾರಂತೆ.

ಒಳಗೆ ಹೋಗಿ ಮಂಚದ ಮೇಲೇ ಕೂತರು. "ಏನಮ್ಮಾ, ಊಟ ಆದ್ಮೇಲೆ ಎಷ್ಟು ಹೊತ್ತಿಗೆ ಬಟ್ಟೆ ನೆನೆಯುತ್ತೆ?" ಎಂದು ಕೇಳಿದರು. ಇದೆಂಥ ಪ್ರಶ್ನೆ? ಇವಳು ನನ್ನ ಮುಖ ನೋಡಿ ಹೊದಿಕೆ ಎಳೆದುಕೊಂಡಳು. ಕಟ್ಟು ಬಿಚ್ಚಲು ಹೋದರೆ, "ಬೇಡಿ, ಸುಂದರೇಶ ಈಗ ತಾನೆ ಕಟ್ಟಿ ಹೋದ" ಎಂದು ಕೈ ಅಡ್ಡ ಹಿಡಿದಳು.

ಹೊರಗೆ ಬಂದಾಗ ನಾನು ಕೇಳಿದೆ, "ಏನು ಕಾಯಿಲೆ ಡಾಕ್ಟರೇ?"

"ಗೊತ್ತಿಲ್ಲ" ಅಂದರು. ನನ್ನ ಕಣ್ಣನ್ನೇ ನೇರವಾಗಿ ನೋಡಿ, ಒಂದಿಷ್ಟೂ ನಾಚಿಕೆಯಿಲ್ಲದೆ. "ಗಾಯ ನೋಡದೆ ಹೇಳಲಾರೆ. ಆಸ್ಪತ್ರೆಗೆ ಕರ್ಕೊಂಡು ಬನ್ನಿ, ಎರಡು ದಿನ ಇಟ್ಕೊಂಡು ನೋಡ್ತೀನಿ. ತಡ ಮಾಡ್ಬೇಡಿ."

"ನೋಡಿದ್ಮೇಲೆ ಗೊತ್ತಾಗುತ್ತಾ?"

"ಅದೂ ಗೊತ್ತಿಲ್ಲ."

ನನಗೆ ನಗು ಬಂತು. ನನ್ನ ಕ್ಲಾಸಿನಲ್ಲಿದ್ದಿದ್ದರೆ ಬೆಂಚಿನ ಮೇಲೆ ನಿಂತೇ ಎಸ್ಸೆಸ್ಸೆಲ್ಸಿ ಮುಗಿಸುತ್ತಿದ್ದರು. ಕಾಫಿ ಕೊಟ್ಟು ಕಳಿಸಿದೆ. ಚೂಡಾಮಣಿ ಬಾಗಿಲಲ್ಲಿ ನಿಂತು, "ಶಿಷ್ಯನಿಗೆ ಬೇಜಾರಾಗುತ್ತೆ ಅಂತ ಅಕ್ಕನ್ನ ಹೀಗೆ ಮಲಗಿಸಿದೀರಲ್ಲ ಭಾವ. ದಾಕ್ಷಿಣ್ಯಕ್ಕೆ ಬಸಿರಾದ್ರೆ ಹೆರೋದಕ್ಕೆ ಜಾಗ ಇಲ್ವಂತೆ" ಅಂದಳು. ಹೆಂಗಸಿನ ಬಾಯಲ್ಲಿ ಎಂಥ ಮಾತು! ಇವಳನ್ನೇ ಕೇಳಿದೆ, ಆಸ್ಪತ್ರೆಗೆ ಹೋಗ್ತೀಯಾ ಎಂದು. "ಸುಂದರೇಶ ನೋಡ್ಕೋತಾನೆ" ಅಂದಳು. ಮುಗಿಯಿತಲ್ಲ?

೧೮ ಫೆಬ್ರವರಿ, ಮಂಗಳವಾರ

ಸುಂದರೇಶನಿಗೆ ನಿನ್ನೆಯ ಕಥೆ ಹೇಳಿ ನಕ್ಕೆ. ಅವನು ನಗಲಿಲ್ಲ. "ಅವರು ಒಳ್ಳೆ ಡಾಕ್ಟರು ಸಾರ್. ವೆಲ್ಲೂರಲ್ಲಿ ಕಲಿತವರು. ಬೇಕಾದ್ರೆ ಅವರನ್ನೂ ಒಂದ್ಸಲ..." ಅಂದ.

"ಯಾಕೋ, ನಿನಗೆ ಗೊತ್ತಿಲ್ವೇನೋ?" ಅಂದೆ.

ಕೈ ಕಟ್ಟಿಕೊಂಡು ನಿಂತು, "ಗೊತ್ತು ಸಾರ್" ಅಂದ. ವಿನಯ ಅಂದರೆ ಇದು. ಇಷ್ಟು ದೊಡ್ಡ ಡಾಕ್ಟರಾದರೂ ಮೆಟ್ಟಿಲಿಳಿಯುವಾಗ ನನಗೆ ಬೆನ್ನು ತೋರಿಸಲಿಲ್ಲ.

೨೨ ಫೆಬ್ರವರಿ, ಶನಿವಾರ

ಬಳೆ ಮೊಣಕೈವರೆಗೂ ಜಾರುತ್ತಿದೆ. ತಿನ್ನುತ್ತಾಳೆ, ಆದರೂ ಸೊರಗುತ್ತಾಳೆ. ಹಾಕಿದ್ದರಲ್ಲಿ ಕಳೆದದ್ದು ಎಲ್ಲಿ ಹೋಯಿತು ಎಂದು ಲೆಕ್ಕ ಹತ್ತುತ್ತಿಲ್ಲ. ಸುಂದರೇಶನನ್ನು ಕೇಳಬೇಕೆಂದಿದ್ದೆ. ಇವತ್ತು ಅವನು ಅವಸರದಲ್ಲಿದ್ದ.

೨೬ ಫೆಬ್ರವರಿ, ಬುಧವಾರ

ಮಾದೇವಮ್ಮನ ಮೊಮ್ಮಗುವಿಗೆ ಸಿಡುಬು, ಅಮ್ಮ ಎದ್ದಿದೆ, ಬರಲಿಲ್ಲ. ಮಧ್ಯಾಹ್ನ ಹೆಸರುಬೇಳೆ ಹಾಕಿದ ಗಂಜಿಯನ್ನು ನಾನೇ ಕುಡಿಸಿದೆ. ಹಜಾರಕ್ಕೆ ಬಂದು ಪತ್ರಿಕೆ ತೆರೆದೆ. ಅರ್ಧ ಗಂಟೆಯೂ ಆಗಿರಲಿಲ್ಲ, ಒಳಗೆ ಏನೋ ಬಿದ್ದ ಸದ್ದು. ಹೋಗಿ ನೋಡಿದರೆ ಇವಳು ಗೂಡಿನಲ್ಲಿದ್ದ ಹಳೆ ಸೀರೆಯ ತುಂಡು ಎಳೆದುಕೊಳ್ಳಲು ಹೋಗಿ ಲೋಟ ಬೀಳಿಸಿದ್ದಾಳೆ. ಕಟ್ಟು ಜಾರಿತ್ತು.

ನೋಡಿದೆ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ನಾನು ಕುಡಿಸಿದ ಗಂಜಿ, ಬೇಳೆಯ ಸಮೇತ, ಹೊಲಿಗೆಯ ಮಧ್ಯದಿಂದ ಹೊರಗೆ ಬರುತ್ತಿತ್ತು. ಸುತ್ತಲಿನ ಚರ್ಮ ಸುಟ್ಟ ಹಾಗೆ ಕೆಂಪಗೆ ಸುಲಿದುಹೋಗಿತ್ತು.

"ಯಾವಾಗಿನಿಂದ?"

"ಒಂಬತ್ತನೇ ದಿನದಿಂದ."

"ಸುಂದರೇಶನಿಗೆ ಗೊತ್ತಾ?"

"ಅವನಿಗೆ ಗೊತ್ತಿಲ್ದೆ ಇರುತ್ಯೇ? ಒಳಗಿನ ಹೊಲಿಗೆ ಬಿಟ್ಟಿದೆ, ತಾನಾಗೇ ಮುಚ್ಕೊಳ್ಳುತ್ತೆ ಅಂದ. ಸಾರ್‌ಗೆ ಈಗಲೇ ಹೇಳ್ಬೇಡೀಮ್ಮ ಅಂದ. ಪಾಪ, ಒಂದೇ ಕಟ್ಟನ್ನ ಎರಡೆರಡು ಸಲ ಬಿಚ್ಚಿ ಕಟ್ತಾನೆ."

"ನೀನ್ಯಾಕೆ ಹೇಳಲಿಲ್ಲ? ಆ ಡಾಕ್ಟರು ಬಂದಾಗಲಾದರೂ?"

ಸೀರೆಯ ತುಂಡನ್ನು ಗಾಯದ ಮೇಲೆ ಎಳೆದುಕೊಂಡಳು. ಆಮೇಲೆ ಅಂದಳು: "ಊರಿಗೆಲ್ಲ ಹೇಳ್ಕೊಂಡು ಬಂದಿದ್ರಿ. ಅವನ ಹೆಸರು ಹೇಳೋವಾಗ ನಿಮ್ಮ ಮುಖ ಹೇಗಿತ್ತು ಗೊತ್ತಾ? ಮದುವೆಯಾಗಿ ಮೂವತ್ನಾಲ್ಕು ವರ್ಷ ಆಯ್ತು, ನಾನು ಆ ಮುಖ ನೋಡೇ ಇರ್ಲಿಲ್ಲ. ಹೇಗೆ ಹೇಳ್ಲಿ?"

ನಾನೇ ತೊಳೆದೆ. ಹೇಗೆ ತೊಳೆಯಬೇಕೆಂದು ಅವಳೇ ಹೇಳಿಕೊಟ್ಟಳು.

೨೭ ಫೆಬ್ರವರಿ, ಗುರುವಾರ

ಬೆಳಕು ಹರಿಯುತ್ತಿದ್ದಂತೆ ಟಾಂಗಾದಲ್ಲಿ ನಜರ್‌ಬಾದಿಗೆ. ಪ್ರತಿ ಕುಲುಕಿಗೂ ಅವಳು ನನ್ನ ಪಂಚೆ ಹಿಡಿದುಕೊಳ್ಳುತ್ತಿದ್ದಳು. ಪ್ರೇಮಲೀಲಾ ಡಾಕ್ಟರು ಯಾಕೆ ತಡ ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಆಸ್ಪತ್ರೆಯ ಪುಸ್ತಕದಲ್ಲಿ ಬರೆದುಕೊಳ್ಳಲು ದಾದಿ ಕೇಳಿದಳು. ರೋಗಿಯ ಹೆಸರು? ನಾಗಮಣಿ ಎಂದೆ. ವಯಸ್ಸು? ನಲವತ್ತೇಳೋ ನಲವತ್ತೆಂಟೋ. ಹಿಂದೆ ಯಾವುದಾದರೂ ಕಾಯಿಲೆ? ಯಾವ ಆಹಾರ ಒಗ್ಗುವುದಿಲ್ಲ? ಆಸ್ಪತ್ರೆಗೆ ಬಂದಿದ್ದ ಚೂಡಾಮಣಿಯ ಮುಖ ನೋಡಿದೆ. ಉತ್ತರವೆಲ್ಲ ಅವಳೇ ಕೊಟ್ಟಳು. ನಾಗಮಣಿಗೆ ಬದನೆಕಾಯಿ ಆಗುವುದಿಲ್ಲವಂತೆ. ವಾರಕ್ಕೆರಡು ದಿನ ನನಗಾಗಿ ಮಾಡುತ್ತಿದ್ದಳು.

ಡಾಕ್ಟರು ಇದ್ದಿಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿದರು. "ನಿಮ್ಮ ಗಡಿಯಾರ ಸರಿಯಾಗಿದೆಯಾ ಮೇಷ್ಟ್ರೇ? ಗಾಯದಲ್ಲಿ ಕಪ್ಪು ಬಂದ ನಿಮಿಷ ನೋಡಿ ಹೇಳಿ" ಅಂದರು. ನಾನು ಜೇಬು ಗಡಿಯಾರ ಕೈಯಲ್ಲಿ ಹಿಡಿದು ಗಾಯವನ್ನೇ ನೋಡುತ್ತ ಕೂತೆ. ಇಪ್ಪತ್ತೈದು ನಿಮಿಷ.

"ಇಷ್ಟು ಬೇಗ ಬಂತು ಅಂದ್ರೆ ತೂತು ಮೇಲಿನ ಕರುಳಲ್ಲಿದೆ. ತಿಂದಿದ್ದು ಮೈಗೆ ಹತ್ತೋ ಮುಂಚೆ ಹೊರಗೆ ಬರ್ತಿದೆ" ಅಂದರು. ಶನಿವಾರ ಹತ್ತದ ಲೆಕ್ಕ ಇವತ್ತು ಹತ್ತಿತು.

೨ ಮಾರ್ಚ್, ಭಾನುವಾರ

ಬಾಯಿಂದ ಏನೂ ಕೊಡುವಂತಿಲ್ಲ. ಕೈಯ ರಕ್ತನಾಳಕ್ಕೆ ಗ್ಲೂಕೋಸ್ ನೀರು. ಗಾಯಕ್ಕೊಂದು ರಬ್ಬರು ಕೊಳವೆ ಇಟ್ಟು ಸೋರಿದ್ದನ್ನು ಸೀಸೆಗೆ ಎಳೆಯುತ್ತಾರೆ. ಸುಲಿದ ಚರ್ಮಕ್ಕೆ ದಪ್ಪಗೆ ಬಿಳಿ ಮುಲಾಮು. ಅದನ್ನು ಹಚ್ಚುವುದು ನನಗೆ ಬಂದಿದೆ. ಬೆರಳು ಒತ್ತಬಾರದು, ಸವರಬೇಕು.

ಸಾಯಂಕಾಲ ನೀರು ತರಲು ಹೊರಗೆ ಹೋದರೆ ಗೇಟಿನ ಹತ್ತಿರ ಸುಂದರೇಶ ನಿಂತಿದ್ದ. ಒಳಗೆ ಬಂದಿರಲಿಲ್ಲ. ಮೂರು ದಿನದಿಂದ ಅವನಿಗೆ ಏನೆಲ್ಲ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ.

"ಹೇಳೋಣ ಅಂತ ಎಷ್ಟೋ ಸಲ ಬಾಯಿಗೆ ಬಂತು ಸಾರ್. ಆವತ್ತು ನೀವು, ನಿನಗೆ ಗೊತ್ತಿಲ್ವೇನೋ ಅಂದ್ರಿ. ನನಗೆ ಬೆಂಚು ನೆನಪಾಯ್ತು."

"ನೀನು ಯಾವತ್ತೂ ಬೆಂಚು ಹತ್ತಿದವನಲ್ಲವಲ್ಲೋ."

"ಗೊತ್ತಿಲ್ಲದಾಗೆಲ್ಲ ಏನಾದ್ರೂ ಒಂದು ಹೇಳ್ಬಿಡ್ತಿದ್ದೆ ಸಾರ್. ಅದಕ್ಕೇ ಹತ್ತಲಿಲ್ಲ."

ಕಪಾಳಕ್ಕೆ ಹೊಡೆಯಬೇಕೆನ್ನಿಸಿತು. ಯಾರ ಕಪಾಳಕ್ಕೆ ಎಂದು ತಿಳಿಯಲಿಲ್ಲ. "ಊಟ ಆಯ್ತೇನೋ?" ಎಂದು ಕೇಳಿ ಒಳಗೆ ಬಂದುಬಿಟ್ಟೆ. ಅದನ್ನು ಯಾಕೆ ಕೇಳಿದೆನೋ.

೬ ಮಾರ್ಚ್, ಗುರುವಾರ

ಜ್ವರ ಇಲ್ಲ. ಚರ್ಮ ಒಣಗುತ್ತಿದೆ. ನಾಗಮಣಿ ತಲೆ ಬಾಚಿಸಿಕೊಂಡಳು. ನಾನು ಬಾಚಿದ್ದು ನೋಡಿ ಚೂಡಾಮಣಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಬೈತಲೆ ರೇಖಾಗಣಿತದ ಪ್ರಕಾರ ನೇರವಾಗಿಯೇ ಇತ್ತು.

ನಾಗಮಣಿಯ ಹತ್ತಿರ ಹಿಂದೆಂದೂ ಇಷ್ಟು ಮಾತಾಡಿದ್ದು ನೆನಪಿಲ್ಲ. ಸುಂದರೇಶ ಮೊದಲ ಗುರುವಾರ ಬಂದಾಗ ಹರಿದ ಅಂಗಿ ಮುಚ್ಚಿಕೊಳ್ಳಲು ಎಡಗೈ ಎದೆಯ ಮೇಲಿಟ್ಟುಕೊಂಡೇ ಊಟ ಮಾಡಿದನಂತೆ. ನಾನು ಅದೇ ಪಂಕ್ತಿಯಲ್ಲಿ ಎದುರಿಗೆ ಕೂತಿದ್ದೆನಂತೆ. ನಾನು ನೋಡಿಲ್ಲ.

೯ ಮಾರ್ಚ್, ಭಾನುವಾರ

ಡಾಕ್ಟರು ಕರೆದು ಕೂರಿಸಿಕೊಂಡರು. ಸೋರುವುದು ಕಡಿಮೆಯಾಗಿಲ್ಲ. ಎಕ್ಸ್‌ರೇಯಲ್ಲಿ ನೋಡಿದರೆ, ಹೊಲಿದ ಜಾಗದ ಕೆಳಗೆ ಕರುಳು ಮಡಿಚಿಕೊಂಡಿದೆ. ಕೆಳಗೆ ದಾರಿ ಇಲ್ಲದಿದ್ದರೆ ಮೇಲಿನ ತೂತು ಮುಚ್ಚುವುದಿಲ್ಲ. ಮತ್ತೆ ಹೊಟ್ಟೆ ತೆರೆಯಲೇಬೇಕು. ಇನ್ನೂ ಸ್ವಲ್ಪ ಮೈ ತುಂಬಿಕೊಂಡ ಮೇಲೆ ಮಾಡೋಣ ಎಂದಿದ್ದರು. ಆದರೆ ಗ್ಲೂಕೋಸ್ ಹೋಗಲು ಕೈಯಲ್ಲಿ ನಾಳವೇ ಸಿಗುತ್ತಿಲ್ಲ, ಕಾಯುವಂತಿಲ್ಲ.

"ಉಳೀತಾಳಾ?"

"ಗೊತ್ತಿಲ್ಲ ಮೇಷ್ಟ್ರೇ." ಅದೇ ನೇರ ನೋಟ. "ಆಪರೇಷನ್ ಮಾಡ್ದಿದ್ರೆ ಉಳಿಯಲ್ಲ. ಅದು ಗೊತ್ತು. ಮಾಡಿದ್ರೆ ಗೊತ್ತಿಲ್ಲ. ಬೇರೆ ಯಾರನ್ನಾದ್ರೂ ಕೇಳ್ಬೇಕು ಅನ್ನಿಸಿದ್ರೆ ಕೇಳಿ, ನನಗೆ ಬೇಜಾರಿಲ್ಲ."

ನೀವೇ ಮಾಡಿ ಅಂದೆ. ಆಮೇಲೆ ಒಂದು ಮಾತು ಕೇಳಿದೆ: ಸುಂದರೇಶ ಜೊತೆಗೆ ನಿಲ್ಲಬಹುದೇ ಎಂದು. ಒಳಗೆ ಎಲ್ಲಿ ಏನು ಹೊಲಿದಿದ್ದಾನೆ ಎನ್ನುವುದು ಅವನಿಗೆ ಮಾತ್ರ ಗೊತ್ತು. "ನಾನೇ ಕೇಳೋಣ ಅಂತಿದ್ದೆ" ಅಂದರು.

೧೦ ಮಾರ್ಚ್, ಸೋಮವಾರ

ನಾಳೆ ಬೆಳಗ್ಗೆ ಎಂಟಕ್ಕೆ.

ಸಂಜೆ ಮುಲಾಮು ಸವರುವಾಗ ನಾಗಮಣಿ, "ನಾನು ಉಳ್ಕೋತೀನಾ?" ಎಂದು ಕೇಳಿದಳು.

ಖಂಡಿತ ಉಳಿಯುತ್ತೀಯೆ ಎನ್ನಲು ಬಾಯಿ ತೆರೆದೆ. ಅದೇ ಸರಿಯಾದ ಉತ್ತರ, ಯಾರಾದರೂ ಅದನ್ನೇ ಹೇಳುತ್ತಾರೆ. "ಗೊತ್ತಿಲ್ಲ ಕಣೇ" ಅಂದೆ.

ನನ್ನ ಬೆರಳಿನ ಮುಲಾಮನ್ನು ತನ್ನ ಸೆರಗಿನಿಂದ ಒರೆಸಿದಳು. "ಸದ್ಯ. ನೀವೂ ಸುಳ್ಳು ಹೇಳಿಬಿಟ್ರೆ ಯಾರ ಹತ್ರ ಹೆದರ್ಕೊಳ್ಳೋದು ಅಂದ್ಕೊಂಡಿದ್ದೆ" ಅಂದಳು. ಆಮೇಲೆ ಸ್ವಲ್ಪ ಅತ್ತಳು. ನಾನೂ ಅತ್ತೆ. ಗಂಟೆ ಹೊಡೆದರು, ಗಂಡಸರು ಹೊರಗೆ ಹೋಗಬೇಕು.

೧೧ ಮಾರ್ಚ್, ಮಂಗಳವಾರ

ಮೂರೂವರೆ ಗಂಟೆ ಹಿಡಿಯಿತು. ಮೊದಲು ಸುಂದರೇಶ ಹೊರಗೆ ಬಂದ. "ಹೇಗಿದ್ದಾಳೆ?" ಅಂದೆ. "ಗೊತ್ತಿಲ್ಲ ಸಾರ್" ಅಂದ. ನನ್ನ ಪಕ್ಕದ ಬೆಂಚಿನಲ್ಲಿ ಕೂತ. ಇಬ್ಬರೂ ಸಾಯಂಕಾಲದ ತನಕ ಅಲ್ಲೇ ಕೂತಿದ್ದೆವು.

೧೪ ಮಾರ್ಚ್, ಶುಕ್ರವಾರ

ಬೆಳಗ್ಗೆ ಆರು ಹತ್ತಕ್ಕೆ ಹೋದಳು.

೨೭ ಮಾರ್ಚ್, ಗುರುವಾರ

ನಿನ್ನೆ ವೈಕುಂಠ ಸಮಾರಾಧನೆ ಮುಗಿಯಿತು. ಸುಂದರೇಶ ಪಂಕ್ತಿಯ ಕೊನೆಯಲ್ಲಿ ಕೂತಿದ್ದ. ಹುಳಿ ಬಡಿಸಲು ಬಂದವರಿಗೆ ಎಲೆಗೆ ಕೈ ಅಡ್ಡ ಹಿಡಿದ. ಚೂಡಾಮಣಿ ಹೋಗಿ, "ಹಾಕಿಸ್ಕೋ, ಅಕ್ಕನಿಗೆ ಸಮಾಧಾನ ಆಗಲಿ" ಅಂದಳು. ಆಗ ಕೈ ತೆಗೆದ. ನಾನೇ ಎದ್ದುಹೋಗಿ ತುಪ್ಪದ ಗಿಂಡಿ ಇಸಿದುಕೊಂಡು ಬಡಿಸಿದೆ.

ಇವತ್ತು ನಜರ್‌ಬಾದಿಗೆ ಹೋಗಿದ್ದೆ. ನನ್ನ ಗಡಿಯಾರ ಅಲ್ಲೇ ಉಳಿದಿತ್ತು. ದಾದಿಯರು ದಿನಾ ಕೀ ಕೊಟ್ಟು ಇಟ್ಟಿದ್ದರು, ನಡೆಯುತ್ತಿತ್ತು. ಪ್ರೇಮಲೀಲಾ ಡಾಕ್ಟರು ಕಾಫಿ ತರಿಸಿದರು. ಆ ಕಡೆ ಈ ಕಡೆ ಮಾತಾಡಿದೆವು. ಹದಿಮೂರು ದಿನದಿಂದ ಒಂದು ಪ್ರಶ್ನೆ ಹೊತ್ತುಕೊಂಡು ತಿರುಗುತ್ತಿದ್ದೆ. ಎದ್ದು ಹೊರಡುವಾಗ ಕೇಳಿಯೇಬಿಟ್ಟೆ.

"ಡಾಕ್ಟರೇ, ನೀವು ಮನೆಗೆ ಬಂದ ದಿನವೇ ಅವಳನ್ನ ಕರ್ಕೊಂಡು ಬಂದಿದ್ರೆ? ನನ್ನಿಂದ ಕಳೆದುಹೋದ ಆ ಹತ್ತು ದಿನ ನಿಮ್ಮ ಕೈಲಿ ಇದ್ದಿದ್ರೆ, ಉಳೀತಿದ್ಲಾ?"

ಅವರು ಕಾಫಿ ಲೋಟಗಳನ್ನು ಎತ್ತಿ ಕಿಟಕಿಯ ಹತ್ತಿರ ಇಟ್ಟರು. "ಗೊತ್ತಿಲ್ಲ ಮೇಷ್ಟ್ರೇ" ಅಂದರು.

ಆ ಮಾತನ್ನು ಅವರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಹೇಳುವಾಗ ಪ್ರತಿ ಸಲವೂ ನನ್ನ ಕಣ್ಣನ್ನೇ ನೋಡುತ್ತಿದ್ದರು. ಇವತ್ತು ನೋಡಲಿಲ್ಲ.